ನೋಡ್‌ಗಳು ಆಗಾಗ ಡೌನ್: ‘ನೋಮ್ಯಾಡ್ ಆಪರೇಟರ್ ಡೀಬಗ್’ ಕಮಾಂಡ್‌ನಿಂದ ಏನು ತೆಗೆಯಬಹುದು, ಹೇಗೆ ಓದಬೇಕು?

ಬಡ_ಆಪರೇಟರ್

ನಮ್ಮದು 3 ಸರ್ವರ್ (ಕೆಲಸ ಹಂಚುವವು), 40 ಕ್ಲೈಂಟ್ (ಕೆಲಸ ಓಡಿಸುವ ನೋಡ್‌ಗಳು) ಇರುವ ನೋಮ್ಯಾಡ್ ಕ್ಲಸ್ಟರ್. ನೋಮ್ಯಾಡ್ ಅಂದರೆ ಹಲವು ಯಂತ್ರಗಳ ಮೇಲೆ ಜಾಬ್‌ಗಳನ್ನು ಹಂಚಿ ಓಡಿಸುವ ತಂತ್ರಾಂಶ, ಪ್ರತಿ ಯಂತ್ರದಲ್ಲೂ ಅದರ ಒಂದು ಏಜೆಂಟ್ ಇರುತ್ತದೆ. ರಾತ್ರಿ ಹೊತ್ತು ಕೆಲವು ಕ್ಲೈಂಟ್‌ಗಳು ಇದ್ದಕ್ಕಿದ್ದಂತೆ ‘ಡೌನ್’ ಆಗುತ್ತವೆ, ಸ್ವಲ್ಪ ಹೊತ್ತಿಗೆ ತಾವಾಗಿಯೇ ‘ರೆಡಿ’ಗೆ ಮರಳುತ್ತವೆ. ಅಷ್ಟರೊಳಗೆ ಅವುಗಳ ಮೇಲಿದ್ದ ಅಲೊಕೇಶನ್‌ಗಳೆಲ್ಲ (ಆ ನೋಡ್‌ಗೆ ಹಂಚಿದ ಕೆಲಸಗಳು) ‘ಲಾಸ್ಟ್’ ಆಗಿ ಬೇರೆ ನೋಡ್‌ಗಳಲ್ಲಿ ಹೊಸದಾಗಿ ಶುರುವಾಗಿರುತ್ತವೆ. ಬೆಳಿಗ್ಗೆ ನೋಡಿದರೆ ಎಲ್ಲ ಹಸಿರು. ಪಿಂಗ್ ಸರಿಯಿದೆ, ಪೋರ್ಟ್ 4647 ತೆರೆದಿದೆ, ಸರ್ವರ್‌ಗಳಲ್ಲಿ ಲೀಡರ್ ಬದಲಾಗಿಲ್ಲ.

‘ನೋಮ್ಯಾಡ್ ಆಪರೇಟರ್ ಡೀಬಗ್’ ಎಂಬ ಕಮಾಂಡ್ ಎಲ್ಲ ಏಜೆಂಟ್‌ಗಳಿಂದ ಮಾಹಿತಿ ಎಳೆದು ಒಂದೇ ಬಂಡಲ್ ಮಾಡಿ ಕೊಡುತ್ತದೆ ಅಂತ ಗೊತ್ತು. ಯಾವ ಫ್ಲ್ಯಾಗ್ ಹಾಕಬೇಕು? ಬಂದ ಬಂಡಲ್‌ನಲ್ಲಿ ಮೊದಲು ಯಾವುದನ್ನು ತೆರೆಯಬೇಕು? ಪ್ರೊಡಕ್ಷನ್‌ನಲ್ಲಿ ಓಡಿಸಿದರೆ ಹೊರೆ ಎಷ್ಟು?

ಅವಸರದ_ಕಮಿಟ್

ಏಜೆಂಟ್ ರೀಸ್ಟಾರ್ಟ್ ಮಾಡಿ ನೋಡಿದ್ರಾ? ನಮ್ಮಲ್ಲಿ ಅರ್ಧ ತಾಪತ್ರಯ ಅಲ್ಲೇ ಮುಗಿಯುತ್ತೆ.

ಹಳೇಕೋರಂ

ದಯವಿಟ್ಟು ಈಗಲೇ ಬೇಡ. ಕ್ಲೈಂಟ್ ಏಜೆಂಟ್ ರೀಸ್ಟಾರ್ಟ್ ಆದರೆ ಟಾಸ್ಕ್‌ಗಳು ಸಾಯುವುದಿಲ್ಲ, ಏಜೆಂಟ್ ಎದ್ದ ಮೇಲೆ ಅವನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಆ ಧೈರ್ಯದ ಮೇಲೆಯೇ ಎಲ್ಲರೂ ರೀಸ್ಟಾರ್ಟ್‌ಗೆ ಕೈ ಹಾಕುವುದು. ಆದರೆ ಏಜೆಂಟ್‌ನ ಮೆಮೊರಿಯಲ್ಲಿದ್ದ ಸಾಕ್ಷ್ಯ, ಅಂದರೆ ಯಾವ ಗೊರೂಟೀನ್ (ಗೋ ಭಾಷೆಯ ಪ್ರೋಗ್ರಾಂ ಒಳಗಿನ ಹಗುರ ಥ್ರೆಡ್) ಎಲ್ಲಿ ಸಿಕ್ಕಿಕೊಂಡಿತ್ತು, ಹೀಪ್ (ಪ್ರೋಗ್ರಾಂ ಬಳಸುತ್ತಿರುವ ಮೆಮೊರಿ) ಎಷ್ಟು ಬೆಳೆದಿತ್ತು, ಒಳಗಿನ ಮೆಟ್ರಿಕ್ಸ್ ಏನು ಹೇಳುತ್ತಿದ್ದವು, ಅದೆಲ್ಲ ಅಳಿಸಿ ಹೋಗುತ್ತದೆ. ಬಂಡಲ್ ಮೊದಲು, ರೀಸ್ಟಾರ್ಟ್ ಆಮೇಲೆ.

ಈಗ ನಿಮ್ಮ ಪ್ರಶ್ನೆಗೆ. ಸುಮ್ಮನೆ ಕಮಾಂಡ್ ಹೊಡೆದರೆ ಸಿಗುವುದು ಕೆಲವೇ ನಿಮಿಷದ ದಾಖಲೆ (ಹಳೆಯ ಆವೃತ್ತಿಗಳಲ್ಲಿ 2 ನಿಮಿಷ), ನಡುವೆ 30 ಸೆಕೆಂಡಿಗೊಮ್ಮೆ ಕ್ಲಸ್ಟರ್ ಸ್ಥಿತಿಯ ಒಂದು ಚಿತ್ರ. ಲಾಗ್ ಮಟ್ಟ ತಾನಾಗಿಯೇ ‘ಡೀಬಗ್’, ಹೊಸ ಆವೃತ್ತಿಗಳಲ್ಲಿ ಅದಕ್ಕಿಂತಲೂ ವಿವರವಾದ ‘ಟ್ರೇಸ್’. ನಿಮ್ಮ ಏಜೆಂಟ್ ‘ಇನ್ಫೋ’ ಮಟ್ಟದಲ್ಲಿ ಓಡುತ್ತಿದ್ದರೂ ಈ ಕೆಲವು ನಿಮಿಷ ಬಂಡಲ್‌ಗೆ ಮಾತ್ರ ಆ ಮಟ್ಟದ ಲಾಗ್ ಹರಿಯುತ್ತದೆ. ಕಾನ್ಫಿಗರೇಶನ್ ಮುಟ್ಟಬೇಕಿಲ್ಲ, ರೀಸ್ಟಾರ್ಟ್ ಬೇಕಿಲ್ಲ. ನನ್ನ ಪ್ರಕಾರ ಈ ಕಮಾಂಡ್‌ನ ನಿಜವಾದ ಬೆಲೆ ಇರುವುದು ಇಲ್ಲೇ. ಉಳಿದ ಎಷ್ಟೋ ಮಾಹಿತಿ ಬೇರೆ ಕಮಾಂಡ್‌ಗಳಲ್ಲೂ ಸಿಗುತ್ತದೆ.

ಆದರೆ ನಿಮ್ಮ ಕ್ಲಸ್ಟರ್‌ಗೆ ಒಂದು ಗುಂಡಿ ಕಾದಿದೆ. ‘ನೋಡ್-ಐಡಿ’ ಫ್ಲ್ಯಾಗ್‌ನ ಡೀಫಾಲ್ಟ್ ‘ಆಲ್’ ಅಂತಿದೆ. ಅದನ್ನು ಓದಿದವರು 40 ನೋಡ್‌ಗಳೂ ಬರುತ್ತವೆ ಅಂದುಕೊಳ್ಳುತ್ತಾರೆ. ‘ಮ್ಯಾಕ್ಸ್-ನೋಡ್ಸ್’ ಎಂಬ ಇನ್ನೊಂದು ಫ್ಲ್ಯಾಗ್ ಇದೆ, ಅದರ ಡೀಫಾಲ್ಟ್ 10. ಹತ್ತು ಕ್ಲೈಂಟ್ ತೆಗೆದುಕೊಂಡು ಕಮಾಂಡ್ ಸಾಕು ಅನ್ನುತ್ತದೆ. ಕೆಟ್ಟ ನೋಡ್ ಆ ಹತ್ತರಲ್ಲಿ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಆರೋಗ್ಯವಂತರ ರಕ್ತಪರೀಕ್ಷೆ. 0 ಕೊಟ್ಟರೆ ಮಿತಿ ಇಲ್ಲ. ಅದಕ್ಕಿಂತ ಒಳ್ಳೆಯದು, ಡೌನ್ ಆಗುವ ನೋಡ್‌ಗಳ ಐಡಿಯನ್ನು ಅಲ್ಪವಿರಾಮ ಹಾಕಿ ಕೊಡಿ. ಐಡಿಯ ಮೊದಲ ಕೆಲವು ಅಕ್ಷರ ಸಾಕು. ಅವೆಲ್ಲ ಒಂದೇ ನೋಡ್ ಕ್ಲಾಸ್‌ನವಾಗಿದ್ದರೆ ‘ನೋಡ್-ಕ್ಲಾಸ್’ ಫ್ಲ್ಯಾಗ್ ಇನ್ನೂ ಸುಲಭ. ಹೋಲಿಸಲು ಒಂದು ಚೆನ್ನಾಗಿರುವ ನೋಡ್ ಕೂಡ ಸೇರಿಸಿ.

ಹೊರೆಯ ಬಗ್ಗೆ: ಸಿಪಿಯು ಪ್ರೊಫೈಲ್ ಡೀಫಾಲ್ಟ್ ಆಗಿ 1 ಸೆಕೆಂಡ್ ಮಾತ್ರ. ಗೋ ಭಾಷೆಯ ಪ್ರೊಫೈಲರ್ ಸಿಪಿಯು ಬಳಕೆಯ ಪ್ರತಿ ಸೆಕೆಂಡಿಗೆ 100 ಮಾದರಿ ತೆಗೆಯುತ್ತದೆ, ಏಜೆಂಟ್‌ಗೆ ಅದು ಗೊತ್ತೂ ಆಗುವುದಿಲ್ಲ. ಹಾಗೆಂದೇ 1 ಸೆಕೆಂಡಿನ ಪ್ರೊಫೈಲ್‌ನಿಂದ ಬಹಳ ಸಲ ಏನೂ ತಿಳಿಯುವುದೂ ಇಲ್ಲ. ‘ಪಿಪ್ರಾಫ್-ಡ್ಯುರೇಶನ್’ 5 ಅಥವಾ 10 ಸೆಕೆಂಡ್ ಇಡಿ. ದೊಡ್ಡ ಕ್ಲಸ್ಟರ್‌ನಲ್ಲಿ ಎಲ್ಲ ನೋಡ್‌ಗಳಿಂದ ‘ಟ್ರೇಸ್’ ಮಟ್ಟದ ಲಾಗ್ ಎಳೆಯಬೇಡಿ, ಅಷ್ಟು ಎಚ್ಚರ ಸಾಕು.

ಜರ್ನಲ್_ಭಕ್ತ

ಎಲ್ಲ ಒಪ್ಪಿದೆ. ಆದರೆ ಒಂದು ಮೂಲಭೂತ ಮಾತು ಯಾರೂ ಹೇಳಲಿಲ್ಲ: ಈ ಬಂಡಲ್ ಹಿಂದಿನದನ್ನು ನೋಡುವುದಿಲ್ಲ. ರಾತ್ರಿ ಕೆಟ್ಟದ್ದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಬಂಡಲ್ ತೆಗೆದು ಹುಡುಕಿದರೆ ಬೆಳಗಿನ ಲಾಗ್ ಮಾತ್ರ ಸಿಗುತ್ತೆ. ರಾತ್ರಿಯದು ಇರೋದು ಸಿಸ್ಟಮ್‌ಡಿ ಜರ್ನಲ್‌ನಲ್ಲಿ. ಮೊದಲು ಡೌನ್ ಆದ ನೋಡ್‌ಗೆ ಹೋಗಿ, ಜರ್ನಲ್‌ನಲ್ಲಿ ನೋಮ್ಯಾಡ್ ಯುನಿಟ್ ಹೆಸರು ಹಾಕಿ, ‘ಮಿಸ್ಡ್ ಹಾರ್ಟ್‌ಬೀಟ್’ (ಕ್ಲೈಂಟ್ ಆಗಾಗ ಸರ್ವರ್‌ಗೆ ಕಳಿಸುವ ‘ನಾನಿದ್ದೇನೆ’ ಸಂದೇಶ ತಪ್ಪಿದ್ದು) ಅಂತ ಗ್ರೆಪ್ ಮಾಡಿ. ಅದು ‘ವಾರ್ನ್’ ಮಟ್ಟದ ಸಾಲು, ಇನ್ಫೋದಲ್ಲಿ ಓಡುತ್ತಿದ್ದರೂ ಬಿದ್ದಿರುತ್ತದೆ. ಆ ಸಾಲಿನಲ್ಲಿ 3 ಅಂಕಿ ಇರುತ್ತವೆ, ಅವನ್ನು ಇಲ್ಲಿ ಹಾಕಿ.

ಹೊಸಬ_ನೋಡ್

ಡೌನ್ ಅಂತ ತೀರ್ಮಾನಿಸೋದು ಯಾರು? ಸರ್ವರ್‌ಗಳು ಪರಸ್ಪರ ಗಾಸಿಪ್ ಮಾಡಿ ಹೇಳ್ತವಾ?

ಹಳೇಕೋರಂ

ಇಲ್ಲ. ನೋಮ್ಯಾಡ್‌ನಲ್ಲಿ ಗಾಸಿಪ್ ಇರುವುದು ಸರ್ವರ್‌ಗಳ ನಡುವೆ ಮಾತ್ರ, ಅದು ಪೋರ್ಟ್ 4648ರ ಸರ್ಫ್. ಕ್ಲೈಂಟ್‌ಗಳು ಅದರಲ್ಲಿ ಇರುವುದೇ ಇಲ್ಲ. ಅವು ಸರ್ವರ್‌ಗೆ ಹಾರ್ಟ್‌ಬೀಟ್ ಕಳಿಸುತ್ತವೆ. ಮುಂದಿನ ಹಾರ್ಟ್‌ಬೀಟ್ ಎಷ್ಟರೊಳಗೆ ಬರಬೇಕು ಎಂಬ ಗಡುವನ್ನು, ಅಂದರೆ ಟಿಟಿಎಲ್ ಅನ್ನು, ಲೀಡರ್ ಪ್ರತಿ ಸಲ ಹೇಳಿ ಕಳಿಸುತ್ತದೆ. ಕನಿಷ್ಠ 10 ಸೆಕೆಂಡ್, ಅದರ ಮೇಲೆ ಎಲ್ಲರೂ ಒಟ್ಟಿಗೆ ಬಂದು ಮುಗಿಬೀಳದಿರಲಿ ಅಂತ ಒಂದಿಷ್ಟು ಯಾದೃಚ್ಛಿಕ ಸಮಯ ಸೇರುತ್ತದೆ. ಸೆಕೆಂಡಿಗೆ 50 ಹಾರ್ಟ್‌ಬೀಟ್ ಎಂಬ ಡೀಫಾಲ್ಟ್ ಮಿತಿಗೆ 40 ನೋಡ್ ಏನೂ ಅಲ್ಲ, ಹಾಗಾಗಿ ನಿಮ್ಮಲ್ಲಿ ಟಿಟಿಎಲ್ 10ರಿಂದ 20 ಸೆಕೆಂಡಿನ ಒಳಗೇ ಇರುತ್ತದೆ. ಮೇಲೆ 10 ಸೆಕೆಂಡ್ ವಿನಾಯಿತಿ. ಒಟ್ಟಿನಲ್ಲಿ, ಕೊನೆಯ ಹಾರ್ಟ್‌ಬೀಟ್ ಆದ ಮೇಲೆ 20ರಿಂದ 30 ಸೆಕೆಂಡ್ ಸದ್ದಿಲ್ಲದಿದ್ದರೆ ಆ ನೋಡ್ ಡೌನ್.

ಲೀಡರ್ ಬದಲಾದಾಗ ಮಾತ್ರ ಹೊಸ ಲೀಡರ್ ಎಲ್ಲರಿಗೂ 5 ನಿಮಿಷ ಸಮಯ ಕೊಡುತ್ತದೆ. ನಿಮ್ಮಲ್ಲಿ ಲೀಡರ್ ಬದಲಾಗಿಲ್ಲ ಅಂದಿರಿ, ಅದು ಒಳ್ಳೆಯ ಸುಳಿವು.

ಗೊರೂಟೀನ್_ಗುಬ್ಬಿ

ಆ ಸಾಲಿನ ಮೂರು ಅಂಕಿ ಓದುವ ಕ್ರಮ ನಾನು ಹೇಳ್ತೀನಿ, ಇದು ನನ್ನ ಇಷ್ಟದ ಸಾಲು. ಒಂದು ‘ರಿಕ್ವೆಸ್ಟ್ ಲೇಟೆನ್ಸಿ’, ಹಾರ್ಟ್‌ಬೀಟ್ ಕಳಿಸಿ ಉತ್ತರ ಬರುವ ತನಕ ಹಿಡಿದ ಸಮಯ. ಎರಡನೆಯದು ಆಗಿನ ಟಿಟಿಎಲ್. ಮೂರನೆಯದು ಕೊನೆಯ ಹಾರ್ಟ್‌ಬೀಟ್‌ನಿಂದ ಎಷ್ಟು ಹೊತ್ತಾಯಿತು ಅನ್ನೋದು.

ಲೇಟೆನ್ಸಿ ದೊಡ್ಡದಿದ್ದರೆ ತಪ್ಪು ನೆಟ್‌ವರ್ಕ್‌ನಲ್ಲೋ ಸರ್ವರ್ ಕಡೆಯೋ ಇದೆ. ಲೀಡರ್‌ನ ಡಿಸ್ಕ್ ನಿಧಾನವಾಗಿ ರಾಫ್ಟ್ ಕಮಿಟ್ (ಸರ್ವರ್‌ಗಳು ಒಮ್ಮತದಿಂದ ದಾಖಲೆ ಬರೆಯೋದು) ತಡವಾದರೂ ಹೀಗೇ ಕಾಣುತ್ತೆ. ಲೇಟೆನ್ಸಿ ಕೆಲವೇ ಮಿಲಿಸೆಕೆಂಡ್, ಆದರೆ ಕೊನೆಯ ಹಾರ್ಟ್‌ಬೀಟ್‌ನಿಂದ ಬಹಳ ಹೊತ್ತು ಕಳೆದಿದೆ, ನಡುವೆ ಹಾರ್ಟ್‌ಬೀಟ್ ವಿಫಲವಾದ ಎರರ್ ಸಾಲೂ ಇಲ್ಲ ಅಂದರೆ ದಾರಿ ಬೇರೆ. ಕಳಿಸಿದ್ದು ತಡವಾಗಿ ತಲುಪಿದ್ದಲ್ಲ. ಏಜೆಂಟ್ ಕಳಿಸೋದನ್ನೇ ತಡ ಮಾಡಿದೆ. ಆ ಯಂತ್ರದಲ್ಲಿ ಏಜೆಂಟ್‌ಗೆ ಉಸಿರಾಡಲು ಬಿಡದ ಏನೋ ನಡೀತಾ ಇದೆ.

ಬಡ_ಆಪರೇಟರ್

ಜರ್ನಲ್‌ನಿಂದ ಒಂದು ಮಾದರಿ: ರಿಕ್ವೆಸ್ಟ್ ಲೇಟೆನ್ಸಿ 4 ಮಿಲಿಸೆಕೆಂಡ್, ಟಿಟಿಎಲ್ 14 ಸೆಕೆಂಡ್, ಕೊನೆಯ ಹಾರ್ಟ್‌ಬೀಟ್‌ನಿಂದ 52 ಸೆಕೆಂಡ್. ಉಳಿದ ಸಾಲುಗಳೂ ಇದೇ ಜಾಡಿನಲ್ಲಿವೆ. ಹಾರ್ಟ್‌ಬೀಟ್ ಎರರ್ ಒಂದೂ ಇಲ್ಲ.

ಡೌನ್ ಆಗುವ ನೋಡ್‌ಗಳೆಲ್ಲ ‘ಬ್ಯಾಚ್’ ಎಂಬ ನೋಡ್ ಕ್ಲಾಸ್‌ಗೆ ಸೇರಿದವು.

ಗೊರೂಟೀನ್_ಗುಬ್ಬಿ

ಹಾಗಾದರೆ ನೆಟ್‌ವರ್ಕ್ ತಂಡದವರನ್ನು ಎಬ್ಬಿಸಬೇಡಿ, ಪಾಪ ಮಲಗಲಿ.

ಈಗ ಆ ಕ್ಲಾಸ್‌ಗೆ ಮಾತ್ರ ಬಂಡಲ್ ತೆಗೀರಿ. ತೊಂದರೆ ಶುರುವಾಗುವ ಹೊತ್ತಿಗೆ ಸ್ವಲ್ಪ ಮೊದಲು ಆರಂಭಿಸಿ, ‘ಡ್ಯುರೇಶನ್’ ಅನ್ನು 20 ನಿಮಿಷಕ್ಕೆ ಏರಿಸಿ, ‘ಇಂಟರ್ವಲ್’ 30 ಸೆಕೆಂಡ್ ಇರಲಿ.

ಬಂದಮೇಲೆ ಟಾರ್ ಕಡತ ಬಿಚ್ಚಿದರೆ ‘ಕ್ಲಸ್ಟರ್’, ‘ಸರ್ವರ್’, ‘ಕ್ಲೈಂಟ್’, ‘ಇಂಟರ್ವಲ್’ ಅಂತ ಫೋಲ್ಡರ್‌ಗಳು ಇರುತ್ತವೆ. ಇಂಟರ್ವಲ್ ಒಳಗೆ 0000, 0001 ಅಂತ ಸಾಲಾಗಿ ಒಂದೊಂದು ಕ್ಷಣದ ಚಿತ್ರ: ಆಗಿನ ನೋಡ್‌ಗಳು, ಜಾಬ್‌ಗಳು, ಅಲೊಕೇಶನ್‌ಗಳು, ಇವ್ಯಾಲ್ಯುಯೇಶನ್‌ಗಳು. ಎರಡು ಚಿತ್ರಗಳ ನೋಡ್ಸ್ ಕಡತವನ್ನು ಡಿಫ್ ಮಾಡಿದರೆ ಯಾವ ನೋಡ್ ಯಾವಾಗ ಬಿತ್ತು ಅನ್ನೋದು ಗೊತ್ತಾಗುತ್ತೆ. ಕ್ಲೈಂಟ್ ಫೋಲ್ಡರ್‌ನಲ್ಲಿ ನೋಡ್ ಐಡಿಗೊಂದು ಫೋಲ್ಡರ್, ಅದರಲ್ಲಿ ಮಾನಿಟರ್ ಲಾಗ್ ಮತ್ತು ಪ್ರೊಫೈಲ್‌ಗಳು.

ನಾನು ಮೊದಲು ತೆರೆಯೋದು ಗೊರೂಟೀನ್ ಡಂಪ್‌ನ ಪಠ್ಯ ರೂಪ, ಡೀಬಗ್ 2 ಅಂತ ಹೆಸರಲ್ಲಿರುವುದು. ಸಾದಾ ಎಡಿಟರ್ ಸಾಕು, ಪಿಪ್ರಾಫ್ ಉಪಕರಣ ಬೇಡ. ಪ್ರತಿ ಗೊರೂಟೀನ್‌ನ ತಲೆಯ ಮೇಲೆ ಅದು ಏನು ಮಾಡ್ತಿದೆ, ನಿಮಿಷಕ್ಕಿಂತ ಹೆಚ್ಚು ಕಾದಿದ್ದರೆ ಎಷ್ಟು ನಿಮಿಷದಿಂದ ಕಾಯ್ತಿದೆ ಅಂತ ಬರೆದಿರುತ್ತೆ. ಹೊಸಬರು ಇಲ್ಲೇ ಜಾರೋದು. ‘4,000 ನಿಮಿಷದಿಂದ ಚಾನೆಲ್ ರಿಸೀವ್’ ಅಂತ ನೋಡಿ ಸಿಕ್ಕಿಬಿದ್ದಿದೆ ಅಂತ ಕೂಗಬೇಡಿ. ಓಡ್ತಿರುವ ಟಾಸ್ಕ್ ಮುಗಿಯಲಿ ಅಂತ ಕಾಯುವ ಗೊರೂಟೀನ್, ಆ ಟಾಸ್ಕ್ ಎಷ್ಟು ದಿನ ಓಡುತ್ತೋ ಅಷ್ಟು ದಿನ ಕಾಯುತ್ತೆ. ಅದರ ಕೆಲಸವೇ ಅದು. ಅನುಮಾನ ಪಡಬೇಕಾದ್ದು ಮ್ಯೂಟೆಕ್ಸ್ ಲಾಕ್‌ಗೆ ನಿಮಿಷಗಟ್ಟಲೆ ಕಾಯುವವು, ಸಿಸ್ಟಮ್ ಕಾಲ್‌ನಲ್ಲಿ ಹೊರಬರದೆ ಕೂತವು, ಒಂದೇ ಸ್ಟ್ಯಾಕ್ ಇಟ್ಟುಕೊಂಡು ಚಿತ್ರದಿಂದ ಚಿತ್ರಕ್ಕೆ ಸಂಖ್ಯೆ ಏರುತ್ತಾ ಹೋಗುವವು. ಅದಕ್ಕೇ ಚೆನ್ನಾಗಿರುವ ನೋಡ್‌ನ ಡಂಪ್ ಪಕ್ಕದಲ್ಲಿ ಬೇಕು ಅಂತ ಹಳೇಕೋರಂ ಹೇಳಿದ್ದು.

ಟೋಕನ್_ಕಾವಲು

ಓಡಿಸುವ ಮೊದಲು ಟೋಕನ್ ನೋಡಿಕೊಳ್ಳಿ. ಎಸಿಎಲ್ (ಯಾರಿಗೆ ಏನು ಹಕ್ಕು ಎಂಬ ನಿಯಂತ್ರಣ) ಆನ್ ಇದ್ದರೆ ನೋಡ್, ಏಜೆಂಟ್, ಆಪರೇಟರ್ ಮೂರಕ್ಕೂ ಓದುವ ಹಕ್ಕು ಬೇಕು. ಪ್ರೊಫೈಲ್‌ಗೆ ಅದು ಸಾಲದು, ‘ಏಜೆಂಟ್ ರೈಟ್’ ಬೇಕು. ಎಸಿಎಲ್ ಆಫ್ ಇದ್ದರೆ ಏಜೆಂಟ್ ಕಾನ್ಫಿಗ್‌ನಲ್ಲಿ ‘ಎನೇಬಲ್ ಡೀಬಗ್’ ಟ್ರೂ ಆಗಿರಬೇಕು. ಪ್ರೊಫೈಲ್‌ನ ಹಕ್ಕು ಸಾಲದಿದ್ದರೆ ಕಮಾಂಡ್ ನಿಲ್ಲುವುದಿಲ್ಲ, ಟರ್ಮಿನಲ್‌ನಲ್ಲಿ ಒಂದು ದೂರು ಬರೆದು ಮುಂದುವರಿಯುತ್ತದೆ. ಕೊನೆಗೆ ಬಂಡಲ್ ಬಂತು ಅಂತ ಸಮಾಧಾನ, ಒಳಗೆ ಪ್ರೊಫೈಲ್ ಇಲ್ಲ. ಸ್ಕ್ರೀನ್ ಮೇಲೆ ಬಂದದ್ದನ್ನು ಓದಿ.

‘ಎನೇಬಲ್ ಡೀಬಗ್’ ಇಡಬೇಕೋ ಬೇಡವೋ ಅನ್ನುವುದನ್ನು ತೊಂದರೆ ಬರುವ ಮೊದಲೇ ತೀರ್ಮಾನ ಮಾಡಿರಬೇಕು. ಎಸಿಎಲ್ ಇಲ್ಲದೆ ಅದನ್ನು ಆನ್ ಇಟ್ಟರೆ ಪೋರ್ಟ್ 4646 ತಲುಪಬಲ್ಲ ಯಾರು ಬೇಕಾದರೂ ಪ್ರೊಫೈಲ್ ತೆಗೆಯಬಹುದು. ನಾನಂತೂ ಎಸಿಎಲ್ ಆನ್ ಮಾಡಿ ಅನ್ನುವ ಪಕ್ಷ.

ಅವಸರದ_ಕಮಿಟ್

ಇಷ್ಟೆಲ್ಲ ಯಾಕೆ? ನೋಡ್‌ಗೆ ಹೋಗಿ ಪ್ರಾಸೆಸ್‌ಗೆ ಕ್ವಿಟ್ ಸಿಗ್ನಲ್ ಕಳಿಸಿ. ಎಲ್ಲ ಗೊರೂಟೀನ್‌ಗಳ ಸ್ಟ್ಯಾಕ್ ಜರ್ನಲ್‌ಗೆ ಬಂದು ಬೀಳುತ್ತೆ.

ಗೊರೂಟೀನ್_ಗುಬ್ಬಿ

ಬೀಳುತ್ತೆ, ಜೊತೆಗೆ ಏಜೆಂಟೂ ಬೀಳುತ್ತೆ. ಗೋ ಪ್ರೋಗ್ರಾಂಗೆ ಕ್ವಿಟ್ ಸಿಗ್ನಲ್ ಅಂದರೆ ಸ್ಟ್ಯಾಕ್ ಸುರಿದು ಸಾಯುವುದು. ಏಜೆಂಟ್ ಎಚ್‌ಟಿಟಿಪಿಗೆ ಉತ್ತರವನ್ನೇ ಕೊಡದೆ ಪೂರ್ತಿ ಹೆಪ್ಪುಗಟ್ಟಿದ್ದರೆ ಅದು ಕೊನೆಯ ಅಸ್ತ್ರ, ಒಪ್ಪುತ್ತೇನೆ. ಇಲ್ಲಿ ಏಜೆಂಟ್ ಜೀವಂತ ಇದೆ.

ಸಿಗ್ನಲ್ಲೇ ಬೇಕು ಅಂದರೆ ಯೂಸರ್-1 ಕಳಿಸಿ. ಏಜೆಂಟ್ ತನ್ನ ಮೆಮೊರಿಯಲ್ಲಿರುವ ಇತ್ತೀಚಿನ ಮೆಟ್ರಿಕ್ಸ್ ಅನ್ನು ಎರರ್ ಔಟ್‌ಪುಟ್‌ಗೆ ಬರೆದು ಸುಮ್ಮನಾಗುತ್ತೆ. ಯಾರೂ ಸಾಯೋದಿಲ್ಲ.

ಪಾಡ್_ಪ್ರವಾಸಿ

ಕುಬರ್ನೆಟೀಸ್‌ನಲ್ಲಿ ‘ಕ್ಲಸ್ಟರ್-ಇನ್ಫೋ ಡಂಪ್’ ಅಂತ ಇದೆ, ಇದೂ ಅದೇ ತಾನೆ?

ಹಳೇಕೋರಂ

ಹತ್ತಿರದ ಸಂಬಂಧಿ, ಆದರೆ ಅದು ಎಪಿಐ ಸರ್ವರ್‌ಗೆ ಗೊತ್ತಿರುವ ವಸ್ತುಗಳನ್ನೂ ಪಾಡ್ ಲಾಗ್‌ಗಳನ್ನೂ ಕೊಡುತ್ತದೆ, ಕ್ಯೂಬ್‌ಲೆಟ್‌ನ ಒಳಗನ್ನು ತೋರಿಸುವುದಿಲ್ಲ. ನೋಡ್ ಏಜೆಂಟ್‌ನ ಲಾಗ್ ಬೇಕಿದ್ದರೆ ‘ಕ್ಯೂಬ್‌ಕಂಟ್ರೋಲ್ ಡೀಬಗ್’ ಕಮಾಂಡ್‌ಗೆ ನೋಡ್ ಹೆಸರು ಕೊಟ್ಟು ಒಂದು ಪಾಡ್ ಎಬ್ಬಿಸಿ. ನೋಡ್‌ನ ಫೈಲ್ ಸಿಸ್ಟಮ್ ಅದರೊಳಗೆ ‘ಹೋಸ್ಟ್’ ಎಂಬ ಫೋಲ್ಡರ್ ಆಗಿ ಕಾಣುತ್ತದೆ. ಆ ಚರ್ಚೆಗೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಬೇಡ.

ಬಡ_ಆಪರೇಟರ್

ಬಂಡಲ್ ಬಂತು. ತೊಂದರೆ ನಡೆಯುತ್ತಿರುವಾಗಲೇ ಓಡುತ್ತಿತ್ತು. ಕಂಡದ್ದು ಇಷ್ಟು:

ಸಿಪಿಯು ಪ್ರೊಫೈಲ್‌ನಲ್ಲಿ ಏಜೆಂಟ್ ಹೆಚ್ಚುಕಡಿಮೆ ಏನೂ ಮಾಡುತ್ತಿಲ್ಲ. ಹೀಪ್ ಚಿಕ್ಕದು, ಬೆಳೆಯುತ್ತಿಲ್ಲ. ಗೊರೂಟೀನ್ ಸಂಖ್ಯೆ ಚೆನ್ನಾಗಿರುವ ನೋಡ್‌ನಷ್ಟೇ. ಲಾಕ್‌ಗೆ ಕಾಯುವವು ಇಲ್ಲ. ಆದರೆ ಡೌನ್ ಆದ ಎರಡು ನೋಡ್‌ಗಳ ಮಾನಿಟರ್ ಲಾಗ್ ಸರಿಯಾಗಿ ಬೇಕಾದ ಹೊತ್ತಿಗೇ ತುಂಡಾಗಿದೆ. ಟರ್ಮಿನಲ್‌ನಲ್ಲಿ ‘ನೋ ಪಾತ್ ಟು ನೋಡ್’ ಎಂಬ ಎರರ್ ಕೂಡ ಬಂತು. ಮೆಟ್ರಿಕ್ಸ್ ಕಡತದಲ್ಲಿ ಆ ನೋಡ್‌ಗಳ ಮೆಮೊರಿ ಅಂಕಿ ಹುಡುಕಿದೆ, ಸರ್ವರ್‌ನ ಅಂಕಿಗಳು ಮಾತ್ರ ಇವೆ.

ಹಳೇಕೋರಂ

ಎರಡಕ್ಕೂ ಕಾರಣ ಒಂದೇ ಕಡೆ ಇದೆ. ಕಮಾಂಡ್ ನೇರವಾಗಿ ಮಾತಾಡುವುದು ನೋಮ್ಯಾಡ್ ವಿಳಾಸದ ವೇರಿಯಬಲ್‌ನಲ್ಲಿ ನೀವು ಕೊಟ್ಟ ಒಂದು ಏಜೆಂಟ್ ಜೊತೆ ಮಾತ್ರ. ಉಳಿದವರ ಲಾಗ್, ಪ್ರೊಫೈಲ್ ಎಲ್ಲ ಸರ್ವರ್ ಮೂಲಕ ಹಾಯ್ದು ಬರುತ್ತವೆ. ಸರ್ವರ್‌ನಿಂದ ಕ್ಲೈಂಟ್‌ಗೆ ಹೋಗುವ ದಾರಿ ಅಂದರೆ ಕ್ಲೈಂಟ್ ತಾನೇ ಮೊದಲು ತೆರೆದಿಟ್ಟ ಸಂಪರ್ಕ. ಅದು ಕಡಿದರೆ ‘ನೋ ಪಾತ್ ಟು ನೋಡ್’. ಅಂದರೆ ಯಾವ ನೋಡ್‌ನ ಮಾಹಿತಿ ಎಲ್ಲಕ್ಕಿಂತ ಹೆಚ್ಚು ಬೇಕೋ, ಬೇಕಾದ ಹೊತ್ತಿಗೆ ಅದೇ ಕೈಗೆ ಸಿಗುವುದಿಲ್ಲ. ಮೆಟ್ರಿಕ್ಸ್ ಅಂತೂ ಹಾಯ್ದು ಬರುವುದೇ ಇಲ್ಲ, ವಿಳಾಸ ಕೊಟ್ಟ ಏಜೆಂಟ್‌ನದ್ದು ಮಾತ್ರ.

ಆದ್ದರಿಂದ ಆ ನೋಡ್‌ಗಳ ಒಳಗೇ ಹೋಗಿ. ಅಲ್ಲಿ ವಿಳಾಸವನ್ನು ಲೋಕಲ್‌ಹೋಸ್ಟ್, ಪೋರ್ಟ್ 4646 ಅಂತ ಇಟ್ಟು, ‘ನೋಮ್ಯಾಡ್ ಮಾನಿಟರ್’ ಕಮಾಂಡ್ ಅನ್ನು ಡೀಬಗ್ ಮಟ್ಟದಲ್ಲಿ ಓಡಿಸಿ ಕಡತಕ್ಕೆ ಬರೆಸಿ. ನೋಡ್ ಐಡಿ ಕೊಡದಿದ್ದರೆ ಅದು ಎದುರಿಗಿರುವ ಏಜೆಂಟ್‌ನ ಲಾಗ್ ಕೊಡುತ್ತದೆ, ಸರ್ವರ್ ಹಂಗಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಲೂಪ್ ಬರೆದು ಕರ್ಲ್‌ನಿಂದ ಅದೇ ಏಜೆಂಟ್‌ನ ಮೆಟ್ರಿಕ್ಸ್ ಎಳೆದಿಡಿ. ಕೇಳಿದಾಗ ಏಜೆಂಟ್ ಕೊಡುವುದು ಇತ್ತೀಚೆಗೆ ಮುಗಿದ 10 ಸೆಕೆಂಡಿನ ಮೆಟ್ರಿಕ್ಸ್ ಮಾತ್ರ, ಹಾಗಾಗಿ 10 ಸೆಕೆಂಡಿಗೊಮ್ಮೆ ತೆಗೆಯಿರಿ.

ಒಂದು ಸಂಬಂಧಪಟ್ಟ ಫ್ಲ್ಯಾಗ್, ನಿಮಗೆ ಈಗ ಬೇಡ, ಆದರೆ ಮುಂದೆ ಇದನ್ನು ಓದುವವರಿಗೆ: ಸರ್ವರ್‌ಗಳಲ್ಲಿ ಲೀಡರೇ ಇಲ್ಲದ ಸ್ಥಿತಿ ಬಂದರೆ ‘ಸ್ಟೇಲ್’ ಫ್ಲ್ಯಾಗ್ ಹಾಕಿ. ಆಗ ಲೀಡರ್ ಅಲ್ಲದ ಸರ್ವರ್‌ನಿಂದಲೂ ಸದಸ್ಯರ ಪಟ್ಟಿ ಪಡೆದು ಬಂಡಲ್ ಮುಂದುವರಿಯುತ್ತದೆ.

ಜರ್ನಲ್_ಭಕ್ತ

ಪ್ರೊಫೈಲ್ ಖಾಲಿ ಇರೋದು ‘ಏನೂ ಸಿಗಲಿಲ್ಲ’ ಅಂತ ಅಲ್ಲ ಸ್ವಾಮಿ. ಏಜೆಂಟ್ ಒಳಗೆ ಡೆಡ್‌ಲಾಕ್ ಇಲ್ಲ, ಸೋರಿಕೆ ಇಲ್ಲ, ಕೆಲಸದ ಒತ್ತಡ ಇಲ್ಲ. ಉಳಿದದ್ದು ಯಂತ್ರ. ಪ್ರತಿ ಸಲ ರೋಗ ಹುಡುಕೋದು ಏಜೆಂಟ್ ಒಳಗೇ ಯಾಕೆ?

ಅದೇ ಲೂಪ್‌ನಲ್ಲಿ ಕರ್ನಲ್‌ನ ಪ್ರೆಶರ್ ಅಂಕಿಗಳನ್ನೂ ಬರೆಸಿ. ಪ್ರಾಕ್ ಅಡಿಯ ‘ಪ್ರೆಶರ್’ ಫೋಲ್ಡರ್‌ನಲ್ಲಿ ಸಿಪಿಯು, ಮೆಮೊರಿ, ಐಓ ಅಂತ ಮೂರು ಕಡತ, ಲಿನಕ್ಸ್ 4.20ರಿಂದ ಇವೆ. ಮೆಮೊರಿ ಕಡತದ ‘ಫುಲ್’ ಸಾಲು ನೋಡಿ. ಮಾಡೋಕೆ ಕೆಲಸ ಇರುವ ಪ್ರಾಸೆಸ್‌ಗಳೆಲ್ಲ ಮೆಮೊರಿಗಾಗಿ ಕಾಯುತ್ತಾ ನಿಂತಿದ್ದ ಸಮಯದ ಶೇಕಡಾವಾರು ಅದು. ಸಾಮಾನ್ಯ ದಿನ ಅಲ್ಲಿ ಸೊನ್ನೆ ಇರಬೇಕು.

ಬಡ_ಆಪರೇಟರ್

ಸಿಕ್ಕಿತು.

ಮೆಮೊರಿ ಪ್ರೆಶರ್‌ನ ಫುಲ್ ಸಾಲು ಸೊನ್ನೆಯಲ್ಲಿದ್ದದ್ದು ತೊಂದರೆಯ ಹೊತ್ತಿಗೆ 10 ಸೆಕೆಂಡಿನ ಸರಾಸರಿಯಲ್ಲಿ 70 ದಾಟಿದೆ. ಏಜೆಂಟ್‌ನ ಹೋಸ್ಟ್ ಮೆಮೊರಿ ಮೆಟ್ರಿಕ್‌ನಲ್ಲಿ ಲಭ್ಯ ಮೆಮೊರಿ ಇಳಿಯುತ್ತಾ ಹೋಗಿ ತಳ ಮುಟ್ಟಿದೆ, ಸ್ವಾಪ್ ತುಂಬಿದೆ. ಒಳಗಿನಿಂದ ತೆಗೆದ ಮಾನಿಟರ್ ಲಾಗ್‌ನಲ್ಲಿ ಎರಡು ಸಾಲುಗಳ ನಡುವೆ 40 ಸೆಕೆಂಡ್‌ಗೂ ಹೆಚ್ಚು ಖಾಲಿ, ಆಮೇಲೆ ಒಂದರ ಮೇಲೊಂದು ಸಾಲು.

ರಾತ್ರಿ ಓಡುವ ಒಂದು ಪೀರಿಯಾಡಿಕ್ ಬ್ಯಾಚ್ ಜಾಬ್ ಇದೆ, ದೊಡ್ಡ ಕಡತಗಳನ್ನು ವಿಂಗಡಿಸುವ ಕೆಲಸ, ‘ರಾ ಎಕ್ಸೆಕ್’ ಡ್ರೈವರ್. ಜಾಬ್ ಕಡತದಲ್ಲಿ ಮೆಮೊರಿ 512 ಎಂಬಿ ಅಂತ ಬರೆದಿದೆ. ವಾಸ್ತವದಲ್ಲಿ ಅದರ ಹಲವು ಪಟ್ಟು ತಿನ್ನುತ್ತಿದೆ.

ಹೊಸಬ_ನೋಡ್

512 ಅಂತ ಬರೆದಮೇಲೆ ನೋಮ್ಯಾಡ್ ತಡೀಬೇಕಲ್ವಾ?

ಹಳೇಕೋರಂ

ಆ ಅಂಕಿಯನ್ನು ಶೆಡ್ಯೂಲರ್ ಜಾಗ ಲೆಕ್ಕ ಹಾಕಲು ಬಳಸುತ್ತದೆ. ಟಾಸ್ಕ್ ಅದನ್ನು ಮೀರದಂತೆ ಕಟ್ಟಿಹಾಕುವುದು ಡ್ರೈವರ್‌ನ ಕೆಲಸ. ‘ಎಕ್ಸೆಕ್’, ‘ಡಾಕರ್’ ಡ್ರೈವರ್‌ಗಳು ಸಿಗ್ರೂಪ್ (ಪ್ರಾಸೆಸ್‌ಗಳಿಗೆ ಮಿತಿ ಹಾಕುವ ಕರ್ನಲ್ ಸೌಲಭ್ಯ) ಮೂಲಕ ಕಟ್ಟುತ್ತವೆ. ‘ರಾ ಎಕ್ಸೆಕ್’ ಹೆಸರೇ ಹೇಳುವಂತೆ ಹಸಿಯಾಗಿ ಓಡಿಸುತ್ತದೆ, ಮೆಮೊರಿ ಮಿತಿ ಇಲ್ಲ. ಶೆಡ್ಯೂಲರ್ ದೃಷ್ಟಿಯಲ್ಲಿ ನೋಡ್‌ನಲ್ಲಿ ಬೇಕಾದಷ್ಟು ಜಾಗ ಉಳಿದಿದೆ, ಆದ್ದರಿಂದ ಇನ್ನಷ್ಟು ಟಾಸ್ಕ್ ತಂದು ಅಲ್ಲೇ ಹಾಕುತ್ತದೆ.

ಅವಸರದ_ಕಮಿಟ್

ಹಾರ್ಟ್‌ಬೀಟ್ ಗ್ರೇಸ್ 10 ಇದ್ದದ್ದು 90 ಸೆಕೆಂಡ್ ಮಾಡಿಬಿಡಿ, ಗಲಾಟೆ ಮುಗೀತು.

ಗೊರೂಟೀನ್_ಗುಬ್ಬಿ

ಹಾಗೆ ಮಾಡಿದರೆ ನಿಜವಾಗಿ ಸತ್ತ ನೋಡ್ ಕೂಡ 90 ಸೆಕೆಂಡಿಗೂ ಹೆಚ್ಚು ಹೊತ್ತು ಬದುಕಿದೆ ಅಂತ ಎಲ್ಲರೂ ನಂಬಿ ಕೂರಬೇಕಾಗುತ್ತೆ. ಇಡೀ ಕ್ಲಸ್ಟರ್‌ನ ಸರ್ವೀಸ್‌ಗಳು ಒಂದು ಹೊಟ್ಟೆಬಾಕ ಜಾಬ್‌ಗಾಗಿ ಯಾಕೆ ಕಾಯಬೇಕು? ‘ಡಿಸ್‌ಕನೆಕ್ಟ್’ ಬ್ಲಾಕ್ ಬಗ್ಗೆಯೂ ಇದೇ ಮಾತು. 1.8ರಿಂದ ಇದೆ, ಸಂಪರ್ಕ ಕಡಿದು ಮತ್ತೆ ಬರುವ ನೋಡ್‌ಗಳ ಅಲೊಕೇಶನ್‌ಗಳನ್ನು ಉಳಿಸಿಕೊಳ್ಳಲು ಒಳ್ಳೆಯ ಸೌಲಭ್ಯ, ದೂರದ ತಾಣಗಳಲ್ಲಿ ನೋಡ್ ಇಟ್ಟವರಿಗೆ ಬೇಕೇ ಬೇಕು. ಇಲ್ಲಿ ಹಾಕಿದರೆ ರೋಗ ಹಾಗೇ ಇದ್ದು ಅಲರ್ಟ್ ಮಾತ್ರ ನಿಲ್ಲುತ್ತೆ.

ಜರ್ನಲ್_ಭಕ್ತ

ಜಾಬ್ ಅನ್ನು ‘ಎಕ್ಸೆಕ್’ ಡ್ರೈವರ್‌ಗೆ ಬದಲಿಸಿ. ಅದು ಚ್ರೂಟ್ (ಬೇರ್ಪಡಿಸಿದ ಫೈಲ್ ಸಿಸ್ಟಮ್) ಒಳಗೆ ಓಡುತ್ತೆ, ಜಾಬ್‌ಗೆ ಬೇಕಾದ ಬೈನರಿಗಳು ಒಳಗೆ ಸಿಗುತ್ತವೆಯೇ ಅಂತ ನೋಡಿಕೊಳ್ಳಿ. ಕ್ಲೈಂಟ್ ಕಾನ್ಫಿಗ್‌ನಲ್ಲಿ ‘ರಿಸರ್ವ್ಡ್’ ಬ್ಲಾಕ್ ಹಾಕಿ ಓಎಸ್‌ಗೂ ಏಜೆಂಟ್‌ಗೂ ಸ್ವಲ್ಪ ಮೆಮೊರಿ ಎತ್ತಿಡಿ.

ಸಿಸ್ಟಮ್‌ಡಿ ಯುನಿಟ್‌ನಲ್ಲಿ ಓಓಎಂ (ಮೆಮೊರಿ ಮುಗಿದ ಸ್ಥಿತಿ) ಸ್ಕೋರ್ ಮೈನಸ್ 1000 ಇದೆ ಅಲ್ವಾ, ಏಜೆಂಟ್ ಸುರಕ್ಷಿತ ಅಂತ ಯಾರಾದರೂ ಹೇಳಬಹುದು. ಅದು ಓಓಎಂ ಕಿಲ್ಲರ್ ಕೊಲ್ಲದಂತೆ ಕಾಯುತ್ತೆ, ಸ್ವಾಪ್‌ಗೆ ತಳ್ಳದಂತೆ ಅಲ್ಲ. ನಿಮ್ಮ ಏಜೆಂಟ್ ಸಾಯಲಿಲ್ಲ, ಸ್ವಾಪ್‌ನಲ್ಲಿ ತೂಕಡಿಸುತ್ತಿತ್ತು. ಅದಕ್ಕೆ ‘ಮೆಮೊರಿ ಮಿನ್’ ಇಡಬೇಕು.

ಗೊರೂಟೀನ್_ಗುಬ್ಬಿ

ಇಡಿ, ಆದರೆ ನೋಮ್ಯಾಡ್ ಯುನಿಟ್‌ಗೆ ಮಾತ್ರ ಇಟ್ಟು ಕೈ ತೊಳೆದುಕೊಂಡರೆ ಕೆಲಸ ಆಗಲ್ಲ. ಸಿಗ್ರೂಪ್ 2ನೇ ಆವೃತ್ತಿಯಲ್ಲಿ ಮಗುವಿಗೆ ಸಿಗುವ ರಕ್ಷಣೆ ಪೋಷಕ ಸಿಗ್ರೂಪ್‌ನ ರಕ್ಷಣೆಯನ್ನು ಮೀರೋದಿಲ್ಲ. ಇಲ್ಲಿ ಪೋಷಕ ಅಂದರೆ ಸಿಸ್ಟಮ್ ಸ್ಲೈಸ್, ಅದಕ್ಕೂ ಕನಿಷ್ಠ ಅಷ್ಟೇ ‘ಮೆಮೊರಿ ಮಿನ್’ ಬೇಕು. ಇಲ್ಲದಿದ್ದರೆ ಯುನಿಟ್ ಕಡತದಲ್ಲಿ ಅಂಕಿ ಚೆನ್ನಾಗಿ ಕಾಣುತ್ತೆ, ಕರ್ನಲ್ ಲೆಕ್ಕಕ್ಕೇ ತಗೊಳ್ಳಲ್ಲ.

ಹೊಸಬ_ನೋಡ್

ಸರ್ವೀಸ್‌ಗಳನ್ನು ಹುಡುಕಿಕೊಡುವ ಕನ್ಸಲ್‌ನಲ್ಲೂ ‘ಕನ್ಸಲ್ ಡೀಬಗ್’ ಇದೆಯಲ್ಲ. ಅದೂ ಹೀಗೆ ಎಲ್ಲ ನೋಡ್‌ಗಳಿಂದ ತರುತ್ತಾ?

ಹಳೇಕೋರಂ

ತರುವುದಿಲ್ಲ. ಅದು ವಿಳಾಸ ಕೊಟ್ಟ ಒಂದೇ ಏಜೆಂಟ್‌ನದ್ದು. ಇನ್ನೊಂದು ಏಜೆಂಟ್ ಬೇಕಿದ್ದರೆ ಎಚ್‌ಟಿಟಿಪಿ ವಿಳಾಸ ಬದಲಿಸಿ ಮತ್ತೆ ಓಡಿಸಬೇಕು. ಏನೇನು ಬೇಕು ಅಂತ ‘ಕ್ಯಾಪ್ಚರ್’ ಫ್ಲ್ಯಾಗ್ ಹಲವು ಸಲ ಕೊಟ್ಟು ಆರಿಸಬಹುದು: ಏಜೆಂಟ್, ಹೋಸ್ಟ್, ಮೆಟ್ರಿಕ್ಸ್, ಲಾಗ್ಸ್, ಪಿಪ್ರಾಫ್ ಹೀಗೆ. ಮೆಟ್ರಿಕ್ಸ್ ಆ ಏಜೆಂಟ್‌ನದ್ದೇ ಬರುವುದರಿಂದ ಇಲ್ಲಿ ಬಡ_ಆಪರೇಟರ್‌ಗೆ ಆದ ಗೊಂದಲ ಅಲ್ಲಿ ಆಗುವುದಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಆ ವಿನ್ಯಾಸವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಬಡ_ಆಪರೇಟರ್

ಈ ಬಂಡಲ್ ಅನ್ನು ಬೇರೆ ತಂಡಕ್ಕೂ ಕಳಿಸಬೇಕಾಗಿದೆ. ಹಾಗೇ ಕಳಿಸಬಹುದಾ?

ಟೋಕನ್_ಕಾವಲು

ಬಿಚ್ಚಿ ನೋಡದೆ ಕಳಿಸಬೇಡಿ. ಏಜೆಂಟ್ ಕಾನ್ಫಿಗ್‌ನಲ್ಲಿನ ಟೋಕನ್‌ಗಳನ್ನು ಕಮಾಂಡ್ ತಾನೇ ಮುಚ್ಚುತ್ತದೆ. ಆದರೆ ನೋಡ್ ಹೆಸರು, ಐಪಿ ವಿಳಾಸ, ಜಾಬ್ ಹೆಸರುಗಳೆಲ್ಲ ಬಯಲು. ಪ್ರತಿ ಏಜೆಂಟ್‌ನ ‘ಏಜೆಂಟ್-ಹೋಸ್ಟ್’ ಕಡತದಲ್ಲಿ ಆ ಯಂತ್ರದ ಡಿಎನ್‌ಎಸ್ ಸೆಟ್ಟಿಂಗ್, ಹೋಸ್ಟ್ಸ್ ಕಡತ, ಡಿಸ್ಕ್ ಬಳಕೆ, ಏಜೆಂಟ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಇರುತ್ತವೆ. ಗೊತ್ತಿರುವ ಗುಟ್ಟಿನ ಹೆಸರುಗಳನ್ನು ಮುಚ್ಚುತ್ತದೆ, ನೀವೇ ಇಟ್ಟ ವಿಚಿತ್ರ ಹೆಸರಿನ ಪಾಸ್‌ವರ್ಡ್ ವೇರಿಯಬಲ್ ಅದಕ್ಕೆ ಹೇಗೆ ತಿಳಿಯಬೇಕು?

‘ಇವೆಂಟ್-ಟಾಪಿಕ್’ ಫ್ಲ್ಯಾಗ್ ಹಾಕಿದ್ದೀರಾ? ಡೀಫಾಲ್ಟ್ ಆಗಿ ಅದು ‘ನನ್’. ಹಾಕಿದ್ದರೆ ಜಾಬ್ ಇವೆಂಟ್‌ಗಳಲ್ಲಿ ಇಡೀ ಜಾಬ್ ವಿವರ ಇರುತ್ತದೆ, ಅದರ ಎನ್ವಿರಾನ್‌ಮೆಂಟ್ ಬ್ಲಾಕ್ ಸಮೇತ. ಅಲ್ಲಿ ಯಾರೋ ಡೇಟಾಬೇಸ್ ಪಾಸ್‌ವರ್ಡ್ ನೇರವಾಗಿ ಬರೆದಿರುತ್ತಾರೆ, ಬರೆದೇ ಇರುತ್ತಾರೆ. ‘ಔಟ್‌ಪುಟ್’ ಫ್ಲ್ಯಾಗ್ ಕೊಟ್ಟರೆ ಟಾರ್ ಮಾಡದೆ ಬರಿಯ ಫೋಲ್ಡರ್ ಆಗಿ ಬಿಡುತ್ತದೆ. ಹಾಗೆ ತೆಗೆದು, ಬೇಡದ್ದನ್ನು ಅಳಿಸಿ, ನೀವೇ ಟಾರ್ ಮಾಡಿ ಕಳಿಸುವುದು ಒಳ್ಳೆಯದು.

ಬಡ_ಆಪರೇಟರ್

ಇವೆಂಟ್ ಹಾಕಿರಲಿಲ್ಲ, ಬಚಾವ್.

ಜಾಬ್ ಅನ್ನು ‘ಎಕ್ಸೆಕ್’ಗೆ ಬದಲಿಸಿದೆವು, ರಿಸರ್ವ್ಡ್ ಬ್ಲಾಕ್ ಕೂಡ ಹಾಕಿದೆವು. ಬ್ಯಾಚ್ ಕ್ಲಾಸ್ ನೋಡ್‌ಗಳು ಈಗ ಡೌನ್ ಆಗುತ್ತಿಲ್ಲ, ಮೆಮೊರಿ ಪ್ರೆಶರ್ ಸೊನ್ನೆಯಲ್ಲೇ ಇದೆ. ಬದಲಿಗೆ ಆ ಜಾಬೇ 512 ಎಂಬಿ ದಾಟಿ ಓಓಎಂ ಆಗಿ ಸಾಯುತ್ತಿದೆ, ಬರೆದ ತಂಡದವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಗೊರೂಟೀನ್_ಗುಬ್ಬಿ

ಅವರಿಗೆ ‘ಮೆಮೊರಿ ಮ್ಯಾಕ್ಸ್’ ತೋರಿಸಿ. ಶೆಡ್ಯೂಲರ್ ಲೆಕ್ಕಕ್ಕೆ 512, ಜಾಗ ಖಾಲಿ ಇದ್ದಾಗ ಅಲ್ಲಿಯವರೆಗೆ ಉಬ್ಬಬಹುದು ಅಂತ ಒಂದು ಮೇಲ್ಮಿತಿ. ಶೆಡ್ಯೂಲರ್ ಕಾನ್ಫಿಗ್‌ನಲ್ಲಿ ಮೆಮೊರಿ ಓವರ್‌ಸಬ್‌ಸ್ಕ್ರಿಪ್ಶನ್ ಆನ್ ಮಾಡದ ಹೊರತು ಜಾಬ್ ಕಡತದ ಆ ಸಾಲಿಗೆ ಕಿಮ್ಮತ್ತಿಲ್ಲ, ಮೊದಲು ಅದನ್ನು ಮಾಡಿ. ಮೇಲ್ಮಿತಿಯನ್ನು ಊಹಿಸಬೇಡಿ. ಜಾಬ್ ಓಡುವಾಗ ಅಲೊಕೇಶನ್ ಸ್ಟೇಟಸ್ ಅನ್ನು ‘ಸ್ಟ್ಯಾಟ್ಸ್’ ಫ್ಲ್ಯಾಗ್ ಜೊತೆ ನೋಡಿ ನಿಜವಾದ ಬಳಕೆ ತಗೊಳ್ಳಿ.